ಬೆನ್ನ ಹಿಂದಿನ ಕೈ

ಸ್ಪ್ಯಾನರ್ ಕೈತಪ್ಪಿ ಹೋದದ್ದನ್ನು ಒಂದು ಕೋಣೆ ತುಂಬ ಜನ ಕಣ್ಣಾರೆ ಕಂಡರು. ಅದು ಯಾಕೆ ಹೋಯಿತೆಂದು ತಿಳಿದದ್ದು ಮಾತ್ರ ಒಬ್ಬನಿಗೆ. ಅವನು ನಿಯಂತ್ರಣ ಕೋಣೆಯ ಕೊನೆಯ ಸಾಲಿನಲ್ಲಿ, ಮನೆಯವರಿಗೆಂದು ಹಾಕಿದ್ದ ಕುರ್ಚಿಯಲ್ಲಿ, ತಣ್ಣಗಾದ ಚಹಾದ ಲೋಟ ಹಿಡಿದು ಕೂತಿದ್ದ.

ಎಲ್ಲರೂ ಅವನನ್ನು ಮೀನಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಕೊರಳಿಗೆ ಹಾಕಿಕೊಳ್ಳುವ ಗುರುತಿನ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಗಗನಯಾತ್ರಿಗಳು ಮೇಲಕ್ಕೆ ಹೋಗುವ ಮೊದಲು ಆಳವಾದ ಒಂದು ಕೊಳದಲ್ಲಿ ತಾಲೀಮು ಮಾಡುತ್ತಾರೆ. ನೀರಿನೊಳಗೆ ಮೈ ತೇಲುವುದರಿಂದ ಮೇಲಿನ ಕೆಲಸ ಅಲ್ಲೇ ಕೈಗೆ ಹತ್ತುತ್ತದೆ. ಆ ಕೊಳದ ಮುಳುಗುಗಾರ ಇವನು. ಯಾತ್ರಿಗಳ ಬೆನ್ನ ಹಿಂದೆ ತೇಲಿಕೊಂಡಿದ್ದು, ಯಾರಿಗಾದರೂ ಉಸಿರಿನ ತೊಂದರೆಯಾದರೆ ಮೇಲಕ್ಕೆತ್ತಬೇಕು. ಅದು ಬಿಟ್ಟರೆ ಅವರನ್ನು ಮುಟ್ಟುವಂತಿಲ್ಲ, ಅವರ ಕೆಲಸಕ್ಕೆ ಕೈ ಹಾಕುವಂತಿಲ್ಲ. "ಸುಮ್ಮನೆ ನೋಡ್ತಾ ಇರೋದಕ್ಕೂ ಸಂಬಳ ಕೊಡ್ತಾರಾ?" ಎಂದು ಅವನ ಅಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು. ಸುಮ್ಮನೆ ನೋಡುತ್ತಿರುವುದು ಎಷ್ಟು ಕಷ್ಟದ ಕೆಲಸವೆಂದು ಪಾಪ ಅವಳಿಗೇನು ಗೊತ್ತು.

ಆವತ್ತು ಪರದೆಯ ಮೇಲೆ ಇದ್ದವಳು ಮೀನಪ್ಪನ ಅತ್ತಿಗೆ, ಅಣ್ಣನ ಹೆಂಡತಿ. ಬಾಹ್ಯಾಕಾಶ ನಿಲ್ದಾಣದ ಹೊರಗೆ, ಕಾಲುಗಳನ್ನು ಮೆಟ್ಟಿಲಿನಂಥ ಒಂದು ಹಲಗೆಗೆ ಸಿಕ್ಕಿಸಿಕೊಂಡು, ಕೊಳವೆಗೆ ಕೊಳವೆ ಜೋಡಿಸಿ ಚೌಕಟ್ಟು ಕಟ್ಟುತ್ತಿದ್ದಳು. ಮುಂದೆಂದಾದರೂ ಅಲ್ಲಿ ಮನೆಯಷ್ಟು ದೊಡ್ಡದೇನನ್ನಾದರೂ ಕಟ್ಟಬೇಕಾದರೆ ಯಾವ ಸ್ಪ್ಯಾನರ್ ಒಗ್ಗುತ್ತದೆ, ಯಾವ ಕೀಲು ಬಿಗಿಯಾಗಿ ನಿಲ್ಲುತ್ತದೆ ಎಂದು ಪರೀಕ್ಷಿಸುವುದಕ್ಕೇ ಇಷ್ಟೆಲ್ಲ ಏರ್ಪಾಡು. ಎದುರಿಗೆ ಅವಳ ಜೊತೆಗಾರ ಇದ್ದ. ತಾಳೆಮರದಂಥ ಆಳು, ಎಲ್ಲರ ಬಾಯಲ್ಲೂ ಉದ್ದಣ್ಣ. ಅವನ ಶಿರಸ್ತ್ರಾಣದ ಕ್ಯಾಮೆರಾದಲ್ಲಿ ಅತ್ತಿಗೆಯ ಮುಖ, ಎದೆ, ಹೆಗಲು ಕಾಣುತ್ತಿದ್ದವು.

ಮೇಲೆ ಕೈಯಿಂದ ಬಿಟ್ಟದ್ದು ಕೆಳಗೆ ಬೀಳುವುದಿಲ್ಲ, ಹೊರಟೇಹೋಗುತ್ತದೆ. ಅದಕ್ಕೇ ಪ್ರತಿ ಹತಾರಕ್ಕೂ ಒಂದು ತುಂಡು ಹಗ್ಗ, ಹಗ್ಗದ ತುದಿಗೊಂದು ಕೊಂಡಿ. ಕೆಲಸ ಮಾಡುವಾಗ ಕೊಂಡಿ ಮಣಿಕಟ್ಟಿನಲ್ಲಿರಬೇಕು. ಮುಗಿದ ಮೇಲೆ ಅಲ್ಲಿಂದ ಬಿಚ್ಚಿ ಸೊಂಟಪಟ್ಟಿಯ ಲೋಹದ ಬಳೆಗೆ ಹಾಕಿ, ಹಾಕಿದೆ ಎಂದು ಬಾಯಿಬಿಟ್ಟು ಹೇಳಬೇಕು.

"ಸ್ಪ್ಯಾನರ್ ಸೊಂಟಕ್ಕೆ. ಕೊಂಡಿ ಬಿತ್ತು," ಎಂದಳು ಅತ್ತಿಗೆ.

ಅವಳ ಎಡ ಹೆಗಲು ಕೊಂಚ ತಗ್ಗಿ ಹಿಂದಕ್ಕೆ ಸರಿದದ್ದನ್ನು ಮೀನಪ್ಪ ಕಂಡ. ಕೂತಲ್ಲೇ ಅವನ ಬಲಗೈ ತಾನಾಗಿ ಮುಂದೆ ಚಾಚಿತು, ಲೋಟದ ಚಹಾ ಪ್ಯಾಂಟಿನ ಮೇಲೆ ಚೆಲ್ಲಿತು. ಅಷ್ಟರಲ್ಲಿ ಅವಳ ಬೆನ್ನ ಹಿಂದಿನಿಂದ ಸ್ಪ್ಯಾನರ್ ಹೊರಬಂತು. ಅವಸರವೇನೂ ಇಲ್ಲದೆ, ಬಿಸಿಲಿಗೆ ಮಿಂಚುತ್ತ, ತನ್ನಷ್ಟಕ್ಕೆ ತಿರುಗುತ್ತ ದೂರ ಸರಿಯಿತು.

"ಅಯ್ಯೋ, ಹೋಯ್ತು! ಹಿಡೀರಿ, ಹಿಡೀರಿ!" ಎಂದು ಉದ್ದಣ್ಣ ಕೂಗಿದ.

ಅತ್ತಿಗೆ ತಿರುಗಿ ಕೈ ಚಾಚುವುದರೊಳಗೆ ಅದು ಗೇಣು ದೂರ ಹೋಗಿತ್ತು. ಅಲ್ಲಿ ಗೇಣೂ ಒಂದೇ, ಗಾವುದವೂ ಒಂದೇ. ಕಾರ್ಯಾಚರಣೆಯ ಮುಖ್ಯಸ್ಥೆ ಎದ್ದು ನಿಂತು, "ಯಾರೂ ಅದರ ಹಿಂದೆ ಹೋಗಕೂಡದು. ಇಬ್ಬರೂ ಒಳಗೆ ಬನ್ನಿ," ಎಂದರು. ಎದುರಿಗೆ ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ದೊಡ್ಡಮ್ಮ.

"ಕೊಂಡಿ ಜಾರಿತು ಅನ್ಸುತ್ತೆ ಮೇಡಂ," ಎಂದಳು ಅತ್ತಿಗೆ. ಅವಳ ದನಿ ಬತ್ತಿತ್ತು.

ಕೊಂಡಿ ಜಾರಿರಲಿಲ್ಲ. ಅದನ್ನು ಬಳೆಗೆ ಹಾಕಿಯೇ ಇರಲಿಲ್ಲ. ಅವಳು ಸ್ಪ್ಯಾನರನ್ನು ಬೆನ್ನ ಹಿಂದೆ ಚಾಚಿ, ಅಲ್ಲಿ ಮೈದುನನ ಕೈ ಇದೆಯೆಂದುಕೊಂಡು ಬಿಟ್ಟುಬಿಟ್ಟಿದ್ದಳು.

ಇದು ಶುರುವಾದದ್ದು ಉಗುರಿನಿಂದ. ಗಗನಯಾತ್ರಿಯ ಕೈಗವಸು ಗಾಳಿ ತುಂಬಿ ಬಿಗಿದುಕೊಂಡಿರುತ್ತದೆ. ಒಂದೊಂದು ಸಲ ಬೆರಳು ಮಡಚುವುದೂ ಒದ್ದೆ ಕಂಬಳಿ ಹಿಂಡಿದಷ್ಟು ಕಷ್ಟ. ಕೊಳದ ತಾಲೀಮು ಮುಗಿಸಿ ಮನೆಗೆ ಬಂದರೆ ಅತ್ತಿಗೆಗೆ ಬ್ರೆಡ್ಡಿನ ಪೊಟ್ಟಣ ಬಿಚ್ಚಲು ಆಗುತ್ತಿರಲಿಲ್ಲ. ಉಗುರುಗಳು ಕಪ್ಪಗಾಗಿ ಒಂದೊಂದಾಗಿ ಏಳತೊಡಗಿದವು. ಅತ್ತೆ ಸೊಸೆಗೆ ತಲೆ ಬಾಚಿ ಜಡೆ ಹಾಕುವಾಗ, "ಏನು ಕೆಲಸಾನೋ ಇದು, ಹಸುಗೂಸಿನ ಹಾಗೆ ಮಾಡಿ ಕಳಿಸ್ತಾರೆ," ಎಂದು ಗೊಣಗುತ್ತಿದ್ದಳು. ಮೀನಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಓದು ತಲೆಗೆ ಹತ್ತದೆ ಬೀದಿ ಅಳೆಯುತ್ತಿದ್ದ ಅವನನ್ನು ಈಜು ಕಲಿಯಲು ಹಚ್ಚಿ, ಕೊಳದ ಕೆಲಸಕ್ಕೆ ಸೇರಿಸಿದವಳೇ ಅತ್ತಿಗೆ.

ಕೊಂಡಿಯನ್ನು ಸೊಂಟದ ಬಳೆಗೆ ಹಾಕುವಾಗಲೇ ಅವಳ ಬೆರಳಿಗೆ ಹೆಚ್ಚು ನೋವು. ಒಂದು ದಿನ ನೀರಿನೊಳಗೆ ಅವಳು ಮತ್ತೆ ಮತ್ತೆ ತಡವರಿಸುವುದನ್ನು ನೋಡಿ ತಡೆಯಲಾರದೆ, ಮೀನಪ್ಪ ಸ್ಪ್ಯಾನರನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು ತಾನೇ ಬಳೆಗೆ ಸಿಕ್ಕಿಸಿದ. ಕ್ಯಾಮೆರಾಗೆ ಕಾಣದಂತೆ ಬೆನ್ನು ಅಡ್ಡ ಕೊಟ್ಟಿದ್ದ. ಅವಳು ಬೈಯಬೇಕಿತ್ತು, ಬೈಯಲಿಲ್ಲ. ಅವನೂ ಅಷ್ಟಕ್ಕೇ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಬರುಬರುತ್ತ ಅವಳು ತಿರುಗಿ ನೋಡುವುದನ್ನೂ ಬಿಟ್ಟಳು. ಎಡ ಹೆಗಲು ತಗ್ಗುತ್ತಿತ್ತು, ಕೈ ಹಿಂದೆ ಬರುತ್ತಿತ್ತು, ಬೆರಳು ಬಿಚ್ಚುತ್ತಿದ್ದವು, ಇವನು ಹಿಡಿಯುತ್ತಿದ್ದ. "ಕೊಂಡಿ ಬಿತ್ತು" ಎಂದು ಅವಳು ಹೇಳುವುದಕ್ಕೂ ಇವನು ಸಿಕ್ಕಿಸುವುದಕ್ಕೂ ಸರಿಹೋಗುತ್ತಿತ್ತು. ಮನೆಗೆ ಬಂದ ಮೇಲೂ ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಅತ್ತಿಗೆಯ ಉಗುರು ಮತ್ತೆ ಬೆಳೆದವು. ಮೀನಪ್ಪ ಒಳಗೊಳಗೇ ಬೀಗಿದ್ದ. ಉಪಕಾರ ಮಾಡಿದೆನೆಂಬ ಜಂಬ ಇದೆಯಲ್ಲ, ಅದರಷ್ಟು ಕುರುಡು ಇನ್ನೊಂದಿಲ್ಲ.

ಮರುದಿನದ ಹೊತ್ತಿಗೆ ತಪ್ಪಿತಸ್ಥ ಸಿಕ್ಕಿದ್ದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಬರೆ ಬಿದ್ದದ್ದು ಕೊಂಡಿಗೆ. ಕೊಂಡಿಯೆಂದರೆ ಅದನ್ನು ರೂಪಿಸಿದ ಎಂಜಿನಿಯರಿಗೆ. ಅವನ ಅಡ್ಡಹೆಸರೇ ಕೊಂಡಿ ಸಾಹೇಬ. ಯಾರಿಗೂ ಬೇಡವಾದ ಮನುಷ್ಯ. ಕ್ಯಾಂಟೀನಿನಲ್ಲಿ ಸಿಕ್ಕವರನ್ನೆಲ್ಲ ಹಿಡಿದು ನಿಲ್ಲಿಸಿ, "ನನ್ನ ಕೊಂಡಿಗೆ ಆನೆ ಕಟ್ಟಿ, ಆನೆ ಸುಸ್ತಾಗುತ್ತೆ, ಕೊಂಡಿ ಆಗಲ್ಲ," ಎಂದು ಕೊರೆಯುವವನು. ಬೇರೆಯವರು ಮಾಡಿದ್ದಕ್ಕೆಲ್ಲ ಮೂಗು ಮುರಿಯುವವನು. ಅವನ ಮೇಲೆ ಆಪಾದನೆ ಬಂದಾಗ ಅರ್ಧ ಕಚೇರಿಗೆ ಒಳಗೊಳಗೇ ಖುಷಿ. 'ಹಾಕಿದೆ' ಎಂದು ಯಾತ್ರಿಯೇ ಬಾಯಿಬಿಟ್ಟು ಹೇಳಿದ್ದಳು, ಆಮೇಲೂ ಸ್ಪ್ಯಾನರ್ ಹೋಗಿತ್ತು. ಇನ್ನು ಉಳಿದದ್ದು ಕೊಂಡಿಯೊಂದೇ. ಅವನ ಕೊಂಡಿಗಳನ್ನೆಲ್ಲ ಕಪಾಟಿನಿಂದ ತೆಗೆಸಿದರು. ತನಿಖೆ ಮುಗಿಯುವ ತನಕ ಕಾರ್ಯಾಗಾರಕ್ಕೆ ಬರಬೇಡಿ ಎಂದು ಅವನಿಗೆ ಹೇಳಿದರು.

ಮಧ್ಯಾಹ್ನ ಕ್ಯಾಂಟೀನಿನ ಸಾಲಿನಲ್ಲಿ ಅವನು ಮೀನಪ್ಪನ ಮುಂದೆಯೇ ನಿಂತಿದ್ದ. ಕೈಯಲ್ಲೊಂದು ಕೊಂಡಿ. ತೆರೆಯುತ್ತಿದ್ದ, ಬಿಡುತ್ತಿದ್ದ. ಟಕ್, ಟಕ್.

"ಮೀನಪ್ಪ, ನೀನಾದ್ರೂ ಹೇಳಪ್ಪ. ಇಷ್ಟು ದಿನ ಕೊಳದಲ್ಲಿ ಅವರ ಹಿಂದೇನೇ ಇದ್ದೆಯಲ್ಲ, ಒಂದು ಸಲನಾದ್ರೂ ಇದು ತಾನಾಗಿ ಬಿಚ್ಚಿಕೊಂಡಿತ್ತಾ?"

ಆ ಮನುಷ್ಯ ಅಪ್ಪ ಎಂದು ಸೇರಿಸಿ ಮಾತಾಡಿದ್ದು ಅದೇ ಮೊದಲು.

"ನಾನು ಬರೀ ನೋಡೋನು ಸಾರ್," ಎಂದ ಮೀನಪ್ಪ. "ಅಷ್ಟು ಹತ್ತಿರದಿಂದ ಗಮನಿಸಿಲ್ಲ."

ಹೇಳಿದ ಮೇಲೆ ಅವನಿಗೆ ತನ್ನ ಬಾಯಿಯ ಬಗ್ಗೆಯೇ ಹೇಸಿಗೆಯಾಯಿತು. ಊಟದ ತಟ್ಟೆಯನ್ನು ಮೇಜಿನ ಮೇಲೆ ಹಾಗೇ ಬಿಟ್ಟು ಹೊರಗೆ ಬಂದ.

ಮನೆಯಲ್ಲಿ ಅಣ್ಣ ಏನೂ ಅರಿಯದವನು. ಊರ ಬಸ್ಸಿನ ಚಾಲಕ. "ನನ್ನ ಹೆಂಡ್ತಿ ಭೂಮೀನೇ ಸುತ್ತಿ ಬಂದ್ರೂ ಅವಳಿಗೆ ಸುಸ್ತಿಲ್ಲ, ನಾನು ಈ ಊರು ಸುತ್ತೋದ್ರಲ್ಲೇ ಸೊಂಟ ಮುರ್ಕೊಂಡೆ," ಎಂದು ಪ್ರಯಾಣಿಕರನ್ನು ನಗಿಸುವವನು. ಆ ಸಂಜೆ ಅವನಿಗೆ ಕೊಂಡಿ ಸಾಹೇಬನ ಮೇಲೆ ಕೆಂಡದಂಥ ಕೋಪ. "ಕೆಲಸ ಬರದವರನ್ನೆಲ್ಲ ಇಟ್ಕೊಂಡ್ರೆ ಇನ್ನೇನಾಗುತ್ತೆ? ನಾಳೆ ಅವಳ ಸ್ವಂತ ಹಗ್ಗದ ಕೊಂಡೀನೇ ಜಾರಿದ್ರೆ ಏನು ಗತಿ?" ಎಂದು ಮೇಜು ಗುದ್ದಿದ.

"ಜಾರಲ್ಲ ಬಿಡು," ಎಂದ ಮೀನಪ್ಪ, ಅಗತ್ಯಕ್ಕಿಂತ ಗಟ್ಟಿಯಾಗಿ. "ಕೊಂಡಿ ಚೆನ್ನಾಗೇ ಇದೆ."

ಅಮ್ಮ ತರಕಾರಿ ಹೆಚ್ಚುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕೋ ಹೆಗಲು ಮುಟ್ಟಿ ನೋಡ್ಕೋತೀಯಾ?" ಎಂದಳು. ಅವಳು ಅಂದದ್ದು ತಮಾಷೆಗೇ. ಮೀನಪ್ಪನ ಮುಖ ನೋಡಿ ಮತ್ತೆ ತರಕಾರಿಗೆ ಕೈ ಹಾಕಿದಳು.

ಅವನಿಗಿದ್ದ ಕಷ್ಟ ಇಷ್ಟೆ. ಅರ್ಧ ಜೋಡಿಸಿದ ಚೌಕಟ್ಟು ನಿಲ್ದಾಣದ ಪಕ್ಕೆಗೆ ಅಲ್ಲಾಡುತ್ತ ನಿಂತಿತ್ತು. ಸಾಮಾನು ಹೊತ್ತ ವಾಹನ ಬರುವುದರೊಳಗೆ ಅದನ್ನು ಬಿಗಿಯಲೇಬೇಕು. ಅತ್ತಿಗೆ ಮತ್ತೆ ಹೊರಗೆ ಹೋಗುವವಳಿದ್ದಳು, ಇದ್ದ ಇನ್ನೊಂದೇ ಸ್ಪ್ಯಾನರ್ ಹಿಡಿದು. ಕೊನೆಯಲ್ಲಿ ಉದ್ದಣ್ಣ ಚೌಕಟ್ಟಿನ ತುದಿಗೆ ಹೋಗಿ ತನ್ನ ಬಲವೆಲ್ಲ ಹಾಕಿ ಅದರ ಗಟ್ಟಿತನ ನೋಡಬೇಕು. ಆಗ ಅವನ ರಕ್ಷಣೆಯ ಹಗ್ಗವನ್ನು ಒಂದು ಕಂಬಿಯಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವವಳು ಅತ್ತಿಗೆಯೇ. ಆ ಹಗ್ಗ ಹಿಡಿದ ಕೈ ಬೆನ್ನ ಹಿಂದೆ ಹೋಗಿ ಬಿಚ್ಚಿಕೊಂಡರೆ? ಹೇಳಿದರೆ ಅತ್ತಿಗೆಯನ್ನು ಒಳಗೇ ಕೂರಿಸುತ್ತಾರೆ, ಅವಳ ಹೆಸರು ಹಾಳಾಗುತ್ತದೆ. ಹೇಳದಿದ್ದರೆ ಒಂದು ಜೀವವೇ ಹೋಗಬಹುದು. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮನೆಯವರು ಮೇಲಿದ್ದವರೊಂದಿಗೆ ಮಾತಾಡಲು ಕಚೇರಿಯಲ್ಲೊಂದು ಪುಟ್ಟ ಕೋಣೆಯಿತ್ತು. ಎರಡು ಕುರ್ಚಿ, ಒಂದು ಪರದೆ, ಕಿಟಕಿಗೆ ದಪ್ಪ ಬಟ್ಟೆ. ಬೇರೆ ಯಾರೂ ಕೇಳಿಸಿಕೊಳ್ಳುವಂತಿರಲಿಲ್ಲ. ಅಣ್ಣನ ಬಸ್ಸು ಎಲ್ಲೋ ಸಿಕ್ಕಿಹಾಕಿಕೊಂಡು ತಡವಾಗಿತ್ತು, ಹಾಗಾಗಿ ಮೊದಲು ಮೀನಪ್ಪನೊಬ್ಬನೇ ಕೂತ. ಪರದೆಯಲ್ಲಿ ಅತ್ತಿಗೆಯ ಮುಖ ಮೂಡಿತು. ಜಡೆ ತಲೆಯ ಮೇಲಕ್ಕೆ ತೇಲುತ್ತಿತ್ತು.

"ಅತ್ತಿಗೆ, ಆವತ್ತು..." ಎಂದು ಶುರುಮಾಡಿದ.

"ಗೊತ್ತು ಕಣೋ," ಎಂದಳು ಅವಳು. "ಬೆರಳು ಬಿಚ್ಚಿದ ತಕ್ಷಣ ಗೊತ್ತಾಯ್ತು. ಹಿಂದೆ ನೀನಿಲ್ಲ ಅಂತ."

"ಮತ್ತೆ ಕೊಂಡಿ ಜಾರಿತು ಅಂದ್ರಿ?"

"ಇನ್ನೇನು ಅನ್ಲಿ? ಕೈಬಿಟ್ಟೆ ಅಂದಿದ್ರೆ, ಯಾಕೆ ಬಿಟ್ಟೆ, ಕೊಳದಲ್ಲಿ ಯಾರು ಹಿಡೀತಿದ್ರು ಅಂತ ಕೇಳ್ತಿದ್ರು. ನಿನ್ನ ಕೆಲಸ ಹೋಗ್ತಿತ್ತು."

"ಕೊಂಡಿ ಸಾಹೇಬ್ರದ್ದು ಹೋಗ್ತಾ ಇದೆಯಲ್ಲ ಅತ್ತಿಗೆ."

ಅವಳು ಕಣ್ಣು ಬೇರೆಡೆ ತಿರುಗಿಸಿದಳು. "ಅವರು ಓದಿದೋರು, ಎಲ್ಲಾದ್ರೂ ಬದುಕ್ಕೋತಾರೆ," ಎಂದಳು. ತನ್ನ ಮಾತು ತನಗೇ ಹಿಡಿಸಲಿಲ್ಲವೆಂಬುದು ಅವಳ ದನಿಯಲ್ಲೇ ಇತ್ತು. "ನೋಡು, ಇದೊಂದು ಸಲ ನಾನು ಹೊರಗೆ ಹೋಗಿ ಕೆಲಸ ಮುಗಿಸ್ಬೇಕು. ನನ್ನ ವಯಸ್ಸಿಗೆ ಇನ್ನೊಂದು ಸಲ ಸಿಗಲ್ಲ. ಯಾರ ಹತ್ರಾನೂ ಬಾಯಿ ಬಿಡ್ಬೇಡ. ನನ್ನಾಣೆ."

"ಕೈ ಮತ್ತೆ ಹಿಂದೆ ಹೋದ್ರೆ?"

ಅವಳು ನಗಲು ನೋಡಿದಳು. "ಇವತ್ತು ಊಟ ಮುಗಿಸಿ ಚಮಚಾನೂ ಹಿಂದಕ್ಕೆ ಹಿಡಿದಿದ್ದೆ ಕಣೋ. ಅದು ತೇಲ್ಕೊಂಡು ಹೋಗಿ ಉದ್ದಣ್ಣನ ಕಿವಿಗೆ ಬಡೀತು. ಎಲ್ಲರೂ ನಕ್ಕರು."

ಮೀನಪ್ಪ ನಗಲಿಲ್ಲ. ಅವಳ ನಗುವೂ ಹಾಗೇ ನಿಂತುಹೋಯಿತು. ಅಷ್ಟರಲ್ಲಿ ಅಣ್ಣ ಖಾಕಿ ಅಂಗಿಯಲ್ಲೇ ಏದುಸಿರು ಬಿಡುತ್ತ ಬಂದು, ತಮ್ಮನನ್ನು ಕುರ್ಚಿಯಿಂದ ತಳ್ಳಿ, "ಏನಮ್ಮಾ, ಮೇಲಾದ್ರೂ ಟ್ರಾಫಿಕ್ ಇಲ್ವಲ್ಲ!" ಎಂದ. ಮೀನಪ್ಪ ಎದ್ದು ಹೊರಗೆ ನಡೆದ.

ದೊಡ್ಡಮ್ಮನ ಕೋಣೆಯ ಬಾಗಿಲು ತೆರೆದಿತ್ತು. ಒಳಗೆ ಹೋದರೆ ಅತ್ತಿಗೆಯ ಆಣೆ ಮುರಿದಂತೆ. ಹೋಗದಿದ್ದರೆ ಏನಾಗಬಹುದೋ ಅದನ್ನು ನೆನೆಯುವ ಧೈರ್ಯ ಅವನಿಗಿರಲಿಲ್ಲ. ಹೊಸ್ತಿಲಲ್ಲಿ ನಿಂತು ಒದ್ದಾಡಿ, ಕೊನೆಗೆ ಒಳಗೆ ಕಾಲಿಟ್ಟ. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಉಗುರಿನಿಂದ ಹಿಡಿದು ಎಲ್ಲವನ್ನೂ ಹೇಳಿದ. ಒಂದನ್ನು ಮಾತ್ರ ಬಚ್ಚಿಟ್ಟ.

"ಅವಳಿಗೆ ಇದು ಗೊತ್ತಾ?" ಎಂದು ದೊಡ್ಡಮ್ಮ ಕೇಳಿದಾಗ, "ಇಲ್ಲ ಮೇಡಂ. ಕೊಂಡಿ ಹಾಕಿದೀನಿ ಅಂತಾನೇ ಅವರು ನಂಬಿದಾರೆ. ತಪ್ಪೆಲ್ಲ ನಂದು," ಎಂದುಬಿಟ್ಟ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು.

ದೊಡ್ಡಮ್ಮ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಬೈಗುಳಕ್ಕೆ ಮೀನಪ್ಪ ಸಿದ್ಧನಾಗಿದ್ದ. ಅವರು ಕೇಳಿದ್ದು ಬೇರೆ.

"ಅವಳೊಬ್ಬಳಿಗೇನಾ ಹೀಗೆ ಮಾಡಿದ್ದು?"

ಇದನ್ನು ಅವನು ಯೋಚಿಸಿಯೇ ಇರಲಿಲ್ಲ. ಅತ್ತಿಗೆಗೆ ಹಿಡಿದು ರೂಢಿಯಾದ ಕೈ ಉದ್ದಣ್ಣನಿಗೂ ಹಿಡಿದಿತ್ತು. ಅವನದು ಬಲಗಡೆಯಿಂದ ಬರುತ್ತಿತ್ತು. ಮೇಲಿದ್ದ ಉಳಿದಿಬ್ಬರಿಗೂ ಹಿಡಿದಿತ್ತು. ಮೀನಪ್ಪ ಹಿಂದಿದ್ದರೆ ಕೈ ನೋಯುವುದಿಲ್ಲ ಎಂದು ಅವರೆಲ್ಲ ಹೊಗಳುತ್ತಿದ್ದರು, ಆ ಹೊಗಳಿಕೆ ಕೇಳಿ ಇವನು ಉಬ್ಬಿದ್ದ.

"ಎಲ್ಲರಿಗೂ," ಎಂದ. ಹೇಳುವಾಗ ಅಳು ಬಂತು.

"ಅಂದ್ರೆ ಅವಳ ಬದಲಿಗೆ ಕಳಿಸೋಕೆ ಅಲ್ಲಿ ಯಾರೂ ಇಲ್ಲ," ಎಂದರು ದೊಡ್ಡಮ್ಮ. "ಕಳಿಸದೆ ಇರೋ ಹಾಗೂ ಇಲ್ಲ. ಕೈ ಬಿಚ್ಚೋ ಮುಂಚೆ ನಿಂಗೆ ತಿಳಿಯುತ್ತಾ?"

"ಅತ್ತಿಗೇದು ತಿಳಿಯುತ್ತೆ. ಮೊದಲು ಹೆಗಲು ತಗ್ಗುತ್ತೆ."

"ಹಾಗಿದ್ರೆ ಆವತ್ತು ಮೈಕಿನ ಮುಂದೆ ನೀನೇ ಕೂತ್ಕೋ. ಆಮೇಲೆ ನೀನು ಆ ಕೊಳಕ್ಕೆ ಇಳಿಯೋ ಹಾಗಿಲ್ಲ. ಈಗ ಹೋಗಿ ಆ ಕೊಂಡಿ ಎಂಜಿನಿಯರಿಗೆ ನೀನೇ ಹೇಳು. ನನ್ನ ಬಾಯಿಂದ ಅವರು ಕೇಳೋದು ಬೇಡ."

ಕೊಂಡಿ ಸಾಹೇಬ ಸೈಕಲ್ ನಿಲ್ಲಿಸುವ ಜಾಗದಲ್ಲಿ ಸಿಕ್ಕ. ಅವನ ಸಾಮಾನಿನ ಪೆಟ್ಟಿಗೆ ಹಿಂದಿನ ಸೀಟಿಗೆ ಕಟ್ಟಿತ್ತು. ಮೀನಪ್ಪ ತಲೆ ತಗ್ಗಿಸಿಕೊಂಡು ಎಲ್ಲ ಒಪ್ಪಿಸಿ, ಕ್ಷಮಿಸಿ ಸಾರ್ ಎಂದ. ಕೊಂಡಿ ಸಾಹೇಬ ಪೆಟ್ಟಿಗೆಯ ಹಗ್ಗವನ್ನು ಇನ್ನಷ್ಟು ಬಿಗಿದ.

"ನಿನ್ನ ಕ್ಷಮೆ ನೀನೇ ಇಟ್ಕೋ," ಎಂದ ಕೊನೆಗೆ. "ಕೆಲಸ ವಾಪಸ್ ಸಿಗಬಹುದು. ಆವತ್ತಿನಿಂದ ಕೂತು ನನ್ನ ಕೊಂಡಿ ಮೇಲೆ ನಾನೇ ಅನುಮಾನಪಟ್ಟೆನಲ್ಲೋ. ಎಲ್ಲಿ ತಪ್ಪು ಮಾಡಿದೆ, ಎಲ್ಲಿ ತಪ್ಪು ಮಾಡಿದೆ ಅಂತ. ಅದನ್ನ ಯಾರು ವಾಪಸ್ ಕೊಡ್ತಾರೆ?"

ಮೀನಪ್ಪ ಸೈಕಲ್ಲಿನ ಬಳಿಗೆ ಸರಿದ. ಹಗ್ಗ ಬಿಚ್ಚಿ ಪೆಟ್ಟಿಗೆ ಇಳಿಸಲು ಕೈ ನೀಡಹೋದ. "ಮುಟ್ಬೇಡ," ಎಂದ ಕೊಂಡಿ ಸಾಹೇಬ.

ಎರಡನೆಯ ಸಲ ಅತ್ತಿಗೆ ಹೊರಗೆ ಬಂದ ದಿನ ಕೋಣೆ ಕಿಕ್ಕಿರಿದಿತ್ತು. ಕೊನೆಯ ಸಾಲಿನಲ್ಲಿ ಅಣ್ಣ, ಪಕ್ಕದಲ್ಲಿ ಅಮ್ಮ. ಅಣ್ಣ ವಿಷಯ ತಿಳಿದಾಗಿನಿಂದ ತಮ್ಮನ ಜೊತೆ ಮಾತು ಬಿಟ್ಟಿದ್ದ. ಕೊಂಡಿ ಸಾಹೇಬನನ್ನು ದೊಡ್ಡಮ್ಮನೇ ಕರೆಸಿದ್ದರು. ಅವನು ಗೋಡೆಗೆ ಒರಗಿ ಕೈಕಟ್ಟಿಕೊಂಡು ನಿಂತಿದ್ದ. ಆಣೆ ಮುರಿದ ಮೈದುನನೇ ಮೈಕಿನ ಮುಂದೆ ಕೂರುತ್ತಾನೆಂದು ಅತ್ತಿಗೆಗೆ ಮೊದಲೇ ತಿಳಿಸಿದ್ದರು. ಅವಳು "ಸರಿ" ಎಂದಿದ್ದಳಂತೆ.

ಮೊದಲ ಕೀಲು ಬಿಗಿಯಾಯಿತು. ಪರದೆಯ ಮೇಲೆ ಅವಳ ಎಡ ಹೆಗಲು ತಗ್ಗಿತು.

ಮೀನಪ್ಪ ಗುಂಡಿ ಒತ್ತಿದ. ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. "ಅತ್ತಿಗೆ, ಹಿಂದೆ ನಾನಿಲ್ಲ," ಎಂದ.

ಕೋಣೆಯ ತಲೆಗಳೆಲ್ಲ ಅವನತ್ತ ತಿರುಗಿದವು. ಪರದೆಯಲ್ಲಿ ಹೆಗಲು ನಿಂತಿತು. ಕೈ ಮುಂದಕ್ಕೆ ಬಂತು, ಅವಳು ಕಣ್ಣು ಕೆಳಗಿಟ್ಟು ಬಳೆ ಹುಡುಕಿ ಕೊಂಡಿ ಹಾಕಿದಳು. ಅವಳು ಹಗ್ಗವನ್ನು ಎಳೆದು ನೋಡಿದಳು. "ಕೊಂಡಿ ಬಿತ್ತು," ಎಂದಳು.

ಪ್ರತಿ ಕೀಲಿಗೂ ಹಾಗೇ ಆಯಿತು. ಹೆಗಲು ತಗ್ಗುವುದು, ಇವನು "ನಾನಿಲ್ಲ" ಎನ್ನುವುದು. ಒಂದೊಂದು ಸಲ ಹೇಳುವಾಗಲೂ, ಅಷ್ಟೂ ಜನರ ಎದುರಿಗೆ, ಇಷ್ಟು ದಿನ ನಾನಿದ್ದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಕಿವಿ ಕಾದು ಕೆಂಪಗಾಗಿತ್ತು. ಪ್ರೀತಿಯಿಂದ ಹಿಡಿದ ಕೈಯೇ ಅವಳನ್ನು ಇಲ್ಲಿಗೆ ತಂದು ನಿಲ್ಲಿಸಿತಲ್ಲ ಎಂದು ಅವನಿಗೆ ಸಂಕಟ. ಬರುಬರುತ್ತ ಹೆಗಲು ತಗ್ಗುವುದು ಕಡಿಮೆಯಾಯಿತು. ಅವಳ ಬೆರಳು ನೋಯುತ್ತಿದ್ದವೆಂದು ಉಸಿರಾಟದಿಂದಲೇ ತಿಳಿಯುತ್ತಿತ್ತು. ಆದರೂ ತಾನೇ ಹಾಕುತ್ತಿದ್ದಳು.

ಕೊನೆಗೆ ಉದ್ದಣ್ಣನ ಸರದಿ. ಅವನು ಚೌಕಟ್ಟಿನ ತುದಿಗೆ ತೆವಳಿದ. ಅವನ ಜೀವ ಇದ್ದ ಹಗ್ಗದ ತುದಿ ಅತ್ತಿಗೆಯ ಕೈಗೆ ಬಂತು. ಮೊದಲ ಕಂಬಿಯಿಂದ ಬಿಚ್ಚಿದಳು. ಆಗ ಹೆಗಲು ತಗ್ಗಿತು.

ಮೀನಪ್ಪ ಬಾಯಿ ತೆರೆದ, ದನಿ ಬರಲಿಲ್ಲ. ದೊಡ್ಡಮ್ಮ ಕುರ್ಚಿ ಬಿಟ್ಟು ಎದ್ದರು. ಹಿಂದೆ ಅಮ್ಮ ಏನೋ ಅಂದಳು. ಪರದೆಯ ಮೇಲೆ ಆ ಕೈ ಅರ್ಧ ದಾರಿಯಲ್ಲಿ ತಾನಾಗಿ ನಿಂತಿತು. ನಿಂತು, ಮುಂದಕ್ಕೆ ಬಂದು, ಎರಡನೆಯ ಕಂಬಿಗೆ ಕೊಂಡಿ ಹಾಕಿ, ಬಲವಾಗಿ ಜಗ್ಗಿ ನೋಡಿತು.

"ಉದ್ದಣ್ಣನ ಹಗ್ಗಕ್ಕೆ ಕೊಂಡಿ ಬಿತ್ತು," ಎಂದಳು ಅತ್ತಿಗೆ.

ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಉದ್ದಣ್ಣ ಮೈಬಲವೆಲ್ಲ ಹಾಕಿ ಅಲ್ಲಾಡಿಸಿದ, ಚೌಕಟ್ಟು ಮಿಸುಕಲಿಲ್ಲ. ಇಬ್ಬರೂ ನಿಲ್ದಾಣದ ಬಾಗಿಲ ಬಳಿಗೆ ಬಂದರು. ಅಣ್ಣ ಓಡಿಬಂದು, ಮಾತು ಬಿಟ್ಟದ್ದನ್ನು ಮರೆತು, ತಮ್ಮನ ಬೆನ್ನಿಗೆ ಗುದ್ದಿದ. ಎಲ್ಲ ಮುಗಿಯಿತು, ಅತ್ತಿಗೆಯ ಹೆಸರು ಉಳಿಯಿತು ಎಂದು ಮೀನಪ್ಪ ಅಷ್ಟು ದಿನದಲ್ಲಿ ಮೊದಲ ಸಲ ಉಸಿರು ಬಿಟ್ಟ.

"ಒಳಗೆ ಹೋಗೋ ಮುಂಚೆ ಒಂದು ಮಾತು," ಎಂದಿತು ಸ್ಪೀಕರಿನಲ್ಲಿ ಅತ್ತಿಗೆಯ ದನಿ. "ಇದು ಎಲ್ಲರಿಗೂ ಕೇಳಿಸ್ಬೇಕು. ಆವತ್ತು ಸ್ಪ್ಯಾನರ್ ಹೋದಾಗ..."

ಮೀನಪ್ಪನಿಗೆ ಅವಳು ಏನು ಹೇಳಲಿದ್ದಾಳೆಂದು ತಿಳಿಯಿತು. ಮುಂದೆಂದೂ ಅವಳನ್ನು ಮೇಲೆ ಕಳಿಸುವುದಿಲ್ಲವೆಂದೂ ತಿಳಿಯಿತು. ಗುಂಡಿಯ ಮೇಲೆ ಬೆರಳೊತ್ತಿ, "ಅತ್ತಿಗೆ, ಬೇಡ, ನಾನು ಎಲ್ಲಾ ಹೇಳಿದೀನಿ, ನೀವು ಸುಮ್ಮನೆ..." ಎಂದ.

"ನೀನಿಲ್ಲ ಅಂದ್ಯಲ್ಲ," ಎಂದಳು ಅವಳು. ಅದರಲ್ಲಿ ಕೋಪವಿರಲಿಲ್ಲ. "ಹಾಗಿದ್ರೆ ಸುಮ್ಮನಿರು."

ಅವನ ಬೆರಳು ಗುಂಡಿಯಿಂದ ಮೇಲೆದ್ದಿತು.

"ಆವತ್ತು ಕೊಂಡಿ ಜಾರಲಿಲ್ಲ," ಎಂದಳು ಅತ್ತಿಗೆ. "ನಾನು ಹಾಕ್ಲೇ ಇಲ್ಲ. ಅದು ನನಗೆ ಆಗ್ಲೇ ಗೊತ್ತಿತ್ತು. ಗೊತ್ತಿದ್ದೂ ಕೊಂಡಿ ಮೇಲೆ ಹಾಕಿದೆ. ಸುಳ್ಳು ಹೇಳಿದ್ದು ನಾನು, ನನ್ನ ಮೈದುನ ಅಲ್ಲ. ಕೊಂಡಿ ಮಾಡಿದವರು ಅಲ್ಲಿದ್ರೆ ಅವರಿಗೆ ಹೇಳಿ, ಇವತ್ತು ಉದ್ದಣ್ಣನ್ನ ಹಿಡಿದಿದ್ದು ಅವರ ಕೊಂಡಿನೇ."

ಗೋಡೆಗೆ ಒರಗಿದ್ದ ಕೊಂಡಿ ಸಾಹೇಬ ಮುಖ ಆಚೆ ತಿರುಗಿಸಿಕೊಂಡ. ದೊಡ್ಡಮ್ಮ ಬಗ್ಗಿ, ಮೀನಪ್ಪನ ಮುಂದಿದ್ದ ಮೈಕನ್ನು ತಮ್ಮತ್ತ ಎಳೆದುಕೊಂಡು, "ಕೇಳಿಸ್ತಮ್ಮ. ಇದ್ದಾರೆ ಇಲ್ಲೇ. ಒಳಗೆ ಬಾ," ಎಂದರು. ಮೀನಪ್ಪ ಎರಡೂ ಕೈಗಳನ್ನು ತೊಡೆಯ ನಡುವೆ ಸಿಕ್ಕಿಸಿಕೊಂಡು, ಅವಳು ಬಾಗಿಲು ಹಿಡಿದು ಒಳಗೆ ಹೋಗುವುದನ್ನು ನೋಡುತ್ತ ಕೂತ.